ಉಪ್ಪು ನೋಡಿದ ಮನೆ

ಹುಡುಗನ ಮನೆ ನೋಡಲು ಹೋದಾಗ ಬಾಯಿಗೆ ಏನು ಹಾಕಬಹುದು, ಏನು ಹಾಕಬಾರದು ಎಂಬ ವಿಷಯದಲ್ಲಿ ಗಂಗಮ್ಮನಷ್ಟು ಕಟ್ಟುನಿಟ್ಟಿನವರು ಬದಿಯಡ್ಕದ ಆಸುಪಾಸಿನಲ್ಲಿ ಇನ್ನೊಬ್ಬರಿರಲಿಲ್ಲ. ಬೆಲ್ಲ ನೀರು ಕುಡಿಯಬಹುದು. ಬಾಳೆಹಣ್ಣು ತಿನ್ನಬಹುದು. ಕಾಫಿಗೂ ಅಡ್ಡಿಯಿಲ್ಲ. ಆದರೆ ಉಪ್ಪು ಬಿದ್ದದ್ದನ್ನು, ಅದು ಒಂದು ಚೂರು ಚಕ್ಕುಲಿಯೇ ಆಗಲಿ, ಮಾತು ಕೊಡುವ ತನಕ ಮುಟ್ಟುವ ಹಾಗಿಲ್ಲ. ಹೆಣ್ಣಿನ ಕಡೆಯ ಹಿರಿಯರು ಆ ಮನೆಯ ಉಪ್ಪು ಬಾಯಿಗೆ ಹಾಕಿದರೆ ಹುಡುಗಿಯನ್ನು ಕೊಟ್ಟ ಹಾಗೆಯೇ ಲೆಕ್ಕ. ಇದು ಅತ್ತೆಯ ಅತ್ತೆಯ ಕಾಲದಿಂದ ಅವರ ಮನೆತನದಲ್ಲಿ ನಡೆದುಬಂದ ಕ್ರಮ. ಹಿಂದೊಮ್ಮೆ ಮಂಜೇಶ್ವರದ ಒಂದು ಮನೆಯಲ್ಲಿ ಗಂಡ ಈಶ್ವರಪ್ರಸಾದರು ಮರೆತು ಖಾರದ ಅವಲಕ್ಕಿಯ ತಟ್ಟೆಗೆ ಕೈ ಹಾಕಿದ್ದರು. ಗಂಗಮ್ಮ ಮೇಜಿನಡಿಯಲ್ಲಿ ಅವರ ಕಾಲನ್ನು ಮೆಟ್ಟಿದ ಜೋರಿಗೆ ಪಾಪ, ಅವರು ಎರಡು ದಿನ ಕುಂಟಿದರು.

ಈ ಸಲ ಹೊರಟದ್ದು ಸೀತಾಂಗೋಳಿಗೆ. ಹುಡುಗ ಮುರಳೀಕೃಷ್ಣ. ಅಲ್ಲೇ ಪೇಟೆಯ ಹತ್ತಿರ ಅಡಿಕೆಯ ಹಾಳೆತಟ್ಟೆ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದ. ಹುಡುಗಿ ಗೌತಮಿ, ಗಂಗಮ್ಮನ ತೀರಿಹೋದ ಅಕ್ಕನ ಮಗಳು. ಶಾಲೆಗೆ ಸೇರುವ ಮೊದಲೇ ಗಂಗಮ್ಮನ ಸೆರಗು ಹಿಡಿದು ಬೆಳೆದವಳು. ಈಗ ಕುಂಬಳೆಯ ಒಂದು ಫಿಸಿಯೋಥೆರಪಿ ಸೆಂಟರಿನಲ್ಲಿ ಕೆಲಸ. ಬೆನ್ನು ಹಿಡಿದವರಿಗೆ, ಭುಜ ಎತ್ತಲಾಗದವರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ಮುರಳೀಕೃಷ್ಣನ ಹತ್ತಿರ ಫೋನಿನಲ್ಲಿ ಮಾತಾಡಿದ್ದಳು, ಕುಂಬಳೆಯ ಹೋಟೆಲಿನಲ್ಲಿ ಒಮ್ಮೆ ಚಾ ಕುಡಿದಿದ್ದಳು. ಜನ ಅಡ್ಡಿಯಿಲ್ಲ ಎಂದಿದ್ದಳು. ಮುಂದಿನದ್ದು ಮನೆ ನೋಡಿದ ಮೇಲೆ.

"ನಾನೂ ಬರ್ತೇನೆ ಚಿಕ್ಕಮ್ಮ. ಅಲ್ಲಿ ಇರುವವಳು ನಾನಲ್ವಾ?"

"ಹುಡುಗಿ ಮನೆ ನೋಡ್ಲಿಕ್ಕೆ ಹೋಗುವ ಕ್ರಮ ಇಲ್ಲ. ನಾನು ನೋಡಿ ಬರ್ತೇನೆ. ನೀನು ಹೂಂ ಅನ್ನದೆ ನನ್ನ ಬಾಯಿಂದ ಒಂದು ಶಬ್ದ ಹೊರಗೆ ಬೀಳುದಿಲ್ಲ. ಆಯ್ತಾ?"

"ಹಾಗಾದ್ರೆ ಒಂದು ನೋಡಿ ಬನ್ನಿ. ಅಡಿಗೆಮನೆಯಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಉಂಟಾ ಅಂತ. ಬೇರೆ ಎಂತದೂ ಬೇಡ."

ಗಂಗಮ್ಮನಿಗೆ ನಗು ಬಂತು. ಅಡಿಗೆಮನೆ ಎಂತ ಬಸ್‍ಸ್ಟಾಂಡಾ, ಕೂತುಕೊಳ್ಳಲಿಕ್ಕೆ? ಆದರೆ ಹುಡುಗಿ ನಗಲಿಲ್ಲ. "ದಿನಾ ನನ್ನ ಹತ್ತಿರ ಬರುವ ಹೆಂಗಸರ ಬೆನ್ನು ನೋಡಿದ್ರೆ ಗೊತ್ತಾಗ್ತದೆ, ಯಾವ ಮನೆಯ ಅಡಿಗೆ ಕಟ್ಟೆ ಎಷ್ಟೆತ್ತರ ಅಂತ. ನಿಮ್ಮ ಹಾಗೆ ಮಣೆ ಮೇಲೆ ನಿಂತು ಜೀವ ಸವೆಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಮಣೆಯ ಮಾತು ನಿಜ. ಗಂಗಮ್ಮನ ಮನೆಯ ಅಡಿಗೆ ಕಟ್ಟೆ ಅವರ ಎದೆಮಟ್ಟಕ್ಕೆ ಬರುತ್ತಿತ್ತು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಒಂದು ಹಲಸಿನ ಮಣೆ ತಂದು ಕಾಲಬುಡದಲ್ಲಿ ಇಟ್ಟು, "ಗಿಡ್ಡ ಸೊಸೆ ಸಿಕ್ಕಿದ್ಲು, ಎಂತ ಮಾಡುದು" ಎಂದಿದ್ದರು. ಅಂದಿನಿಂದ ಹತ್ತುವುದು, ಇಳಿಯುವುದು, ಒಲೆಯಿಂದ ಪಾತ್ರೆ ತೊಳೆಯುವ ತೊಟ್ಟಿಗೆ ಹೋಗುವಾಗ ಮಣೆಯನ್ನು ಕಾಲಿನಿಂದ ದೂಡಿಕೊಂಡು ಹೋಗುವುದು. ಈಶ್ವರಪ್ರಸಾದರು ಪ್ರೀತಿ ಬಂದಾಗ ಹೆಂಡತಿಯನ್ನು ಕರೆಯುವುದೇ ಗಿಡ್ಡಿ ಎಂದು. ಗಂಗಮ್ಮನಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ತಾನು ಗಿಡ್ಡ ಎಂಬುದು ಅವರ ಮಟ್ಟಿಗೆ ಸೂರ್ಯ ಮೂಡುವಷ್ಟೇ ಸಾದಾ ಸಂಗತಿ.

ಶನಿವಾರ ಬೆಳಗ್ಗೆ ಕಾರು ಸೀತಾಂಗೋಳಿ ದಾಟಿ ಒಳದಾರಿಗೆ ತಿರುಗಿತು. ಗಂಗಮ್ಮ ಮನಸ್ಸಿನಲ್ಲೇ ಸಜ್ಜಾಗಿ ಕೂತಿದ್ದರು. ಹೊಸ ಮನೆಗಳನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಕಾಲು ಜಾರುವ ನೆಲ, ತಲೆಗೆ ತಾಗುವ ಹಾಗೆ ತೂಗುವ ದೀಪ, ಯಾರೂ ಕೂರದ ಸೋಫಾ, ಹೊಸ ಅಡಿಗೆಮನೆ ಹಾಳಾದೀತು ಎಂದು ಹಿತ್ತಿಲಲ್ಲಿ ಶೀಟು ಹಾಕಿ ಅಲ್ಲೇ ಬೇಯಿಸುವ ಮನೆಯವರು. ಎಲ್ಲವನ್ನೂ ಚೆಂದ ಉಂಟು, ಚೆಂದ ಉಂಟು ಎನ್ನುತ್ತಾ ನೋಡಿ, ಹಿಂದೆ ಬರುವಾಗ ಕಾರಿನಲ್ಲಿ ಒಂದೊಂದನ್ನೇ ಹರಿದು ಹಾಕುವುದು ಅವರಿಗೆ ಒಗ್ಗಿದ ಕೆಲಸ.

ಈ ಮನೆ ಕಂಡಾಗ ಮೊದಲು ನಿರಾಸೆಯೇ ಆಯಿತು. ಹೊಳೆಯುವಂಥದ್ದು ಏನೂ ಇರಲಿಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಒಂದೇ ಅಂತಸ್ತು. ಹುಡುಗನ ಅಪ್ಪ, ಶಾಲೆಯಿಂದ ನಿವೃತ್ತರಾದ ತಿರುಮಲೇಶ್ವರ ಮಾಸ್ಟ್ರು, ಅಂಗಳಕ್ಕೆ ಬಂದು ಕೈಮುಗಿದರು. ಅವರ ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಆದರೂ ಅವರು ಜಗಲಿಗೆ ಸಲೀಸಾಗಿ ಹತ್ತಿದರು. ಆಗ ಗಂಗಮ್ಮ ಕೆಳಗೆ ನೋಡಿದರು. ಮೆಟ್ಟಿಲೇ ಇಲ್ಲ. ಅಂಗಳವೇ ಮೆಲ್ಲಗೆ ಏರಿ ಜಗಲಿಯಾಗಿತ್ತು, ತಾನು ಹತ್ತಿದ್ದು ತನಗೇ ಗೊತ್ತಾಗಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಗೋಡೆಗೆ ಸೇರಿದ ಹಾಗೆ ಒಂದು ಕಲ್ಲಿನ ಆಸನ, ಕೂತು ಚಪ್ಪಲಿ ಕಳಚಲು. ಅದರ ಬದಿಯಲ್ಲಿ ಸೊಂಟದೆತ್ತರಕ್ಕೆ ಒಂದು ಹಲಗೆ. ಕೈಯಲ್ಲಿ ಸಂತೆಚೀಲ ಹಿಡಿದು ಬಂದವರು ಚೀಲವನ್ನು ನೆಲಕ್ಕಿಡದೆ ಅಲ್ಲಿಟ್ಟು ಬೀಗ ತೆಗೆಯಬಹುದು. ಗಂಗಮ್ಮ ತನ್ನ ಕೈಚೀಲವನ್ನು ಅದರ ಮೇಲೆ ಇಟ್ಟರು. ಮನೆಯವರು ತನಗಾಗಿ ಕೈ ನೀಡಿ ಚೀಲ ತೆಗೆದುಕೊಂಡಂತೆ ಅನ್ನಿಸಿತು.

ಹುಡುಗನ ತಾಯಿ ಪರಮೇಶ್ವರಿಯಮ್ಮ ಬೆಲ್ಲ ನೀರು ತಂದರು. ಸಣ್ಣ ಆಳು, ಮಾತು ಜೋರು. ಈಶ್ವರಪ್ರಸಾದರು ಜಗಲಿಯಲ್ಲೇ ಬೇರೂರಿ ತಿರುಮಲೇಶ್ವರ ಮಾಸ್ಟ್ರ ಜೊತೆ ಹಳೆಯ ವಾಲಿಬಾಲ್ ಪಂದ್ಯದ ಸುದ್ದಿ ತೆಗೆದರು. ಇನ್ನು ಊಟದ ತನಕ ಅವರನ್ನು ಅಲ್ಲಿಂದ ಎಬ್ಬಿಸಲು ಸಾಧ್ಯವಿಲ್ಲ ಎಂದು ಗಂಗಮ್ಮನಿಗೆ ಗೊತ್ತಾಯಿತು.

"ಬನ್ನಿ ಗಂಗಕ್ಕ, ಒಳಗೆ ನೋಡುವಾ. ನಮ್ಮ ಮಗನಿಗೆ ಒಂದು ಮರ್ಲು, ಅಳತೆಯ ಹುಚ್ಚು. ಕಾರ್ಖಾನೆಯಲ್ಲಿ ಕೆಲಸದ ಹೆಂಗಸರಿಗೆಲ್ಲ ಭುಜ ನೋವು ಅಂತ ಮಿಷನಿನ ಎತ್ತರ ತಗ್ಗಿಸಿದ. ನೋವು ಕಮ್ಮಿ ಆಯ್ತು. ಅಲ್ಲಿಂದ ಹಿಡಿದದ್ದು. ಮನೆ ಕಟ್ಟುವ ಮೊದಲು ನಮ್ಮನ್ನೆಲ್ಲ ನಿಲ್ಲಿಸಿ, ಕೂರಿಸಿ, ಕೈ ಎತ್ತಿಸಿ ಅಳತೆ ತೆಗೆದ. ದರ್ಜಿಯವ ರವಕೆಗೆ ತೆಗೆದ ಹಾಗೆ. ನೆಂಟರೆಲ್ಲ ನಗಾಡಿದ್ದೇ ನಗಾಡಿದ್ದು."

ಗಂಗಮ್ಮನೂ ನಗಲು ಸಿದ್ಧರಿದ್ದರು. ಆದರೆ ನಗುವುದಕ್ಕೆ ಜಾಗ ಸಿಗಲಿಲ್ಲ.

ಬಚ್ಚಲಲ್ಲಿ ಸ್ನಾನಕ್ಕೆ ಕೂರುವ ಕಟ್ಟೆ, ಏಳಲು ಹಿಡಿ. ಹಿಡಿ ಇದ್ದದ್ದು ಕೈ ತಾನಾಗಿ ಹೋಗುವಲ್ಲಿಯೇ. ಪಡಸಾಲೆಯ ಕಿಟಕಿಯ ಅಂಚು ಎಷ್ಟು ಅಗಲವೆಂದರೆ ಪೇಪರು ಓದುತ್ತಾ ಕಾಲು ಚಾಚಿ ಕೂರಬಹುದು. ಕೂತರೆ ಗಾಳಿ ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ. ಹಿಂದಿನ ಚಾವಡಿಯಲ್ಲಿ ಬಟ್ಟೆ ಒಣಗಿಸುವ ಸರಳುಗಳನ್ನು ಹಗ್ಗ ಎಳೆದು ಕೆಳಗಿಳಿಸಿ, ಬಟ್ಟೆ ಹಾಕಿ, ಮತ್ತೆ ಮೇಲೇರಿಸಬಹುದು. ಆಟಿ ತಿಂಗಳ ಜಡಿಮಳೆಯಲ್ಲಿ ಒದ್ದೆ ಬಟ್ಟೆಗಳನ್ನು ಕುರ್ಚಿ, ಕಿಟಕಿ, ಮಂಚದ ಕಾಲು ಎಂದು ಮನೆಯೆಲ್ಲ ಹರಡಿ, ಮುಗ್ಗಲು ವಾಸನೆಯಲ್ಲಿ ಮಲಗಿದ ವರ್ಷಗಳೆಲ್ಲ ಗಂಗಮ್ಮನ ಕಣ್ಣ ಮುಂದೆ ಬಂದವು. ಅವರು ಹಗ್ಗ ಎಳೆದರು. ಸರಳು ಸುಮ್ಮನೆ ಇಳಿಯಿತು. ಬಿಟ್ಟರು. ಇನ್ನೊಮ್ಮೆ ಎಳೆದರು.

"ಎಳೀರಿ, ಎಳೀರಿ. ನಾನು ಮೊದಲ ದಿವಸ ಊಟ ಬಿಟ್ಟು ಅದನ್ನೇ ಎಳೆದದ್ದು," ಎಂದರು ಪರಮೇಶ್ವರಿಯಮ್ಮ.

ಆಮೇಲೆ ಅಡಿಗೆಮನೆ.

ಗಂಗಮ್ಮ ಹೊಸ್ತಿಲಲ್ಲಿ ನಿಂತುಬಿಟ್ಟರು. ಒಂದು ಗೋಡೆಗೆ ಎರಡು ಕಟ್ಟೆಗಳು, ಒಂದು ಎತ್ತರ, ಒಂದು ತಗ್ಗು. ಎತ್ತರದ್ದು ಮಗನದ್ದಂತೆ. ಬೆಳಗ್ಗಿನ ದೋಸೆ, ರಾತ್ರಿಯ ಸಾರು ಅವನ ಪಾಲಿಗೆ. ತಗ್ಗಿನದ್ದು ತಾಯಿಯದ್ದು. ಕಾಯಿ ಹೆರೆಯುವ ಮಣೆಯನ್ನು ಕುರ್ಚಿಯೆತ್ತರದ ಬೆಂಚಿಗೆ ಜೋಡಿಸಿದ್ದರು, ಕುಕ್ಕರಗಾಲಲ್ಲಿ ಕೂರುವ ಕೆಲಸವೇ ಇಲ್ಲ. ಗ್ರೈಂಡರು ಗಾಲಿಯ ಹಲಗೆಯ ಮೇಲೆ ಕೂತು ಕಟ್ಟೆಯಡಿಯಿಂದ ಹೊರಗೆ ಬರುತ್ತಿತ್ತು. ತೊಟ್ಟಿಯ ಮೇಲಿನ ಕಿಟಕಿಯಿಂದ ಮಾರ್ಗದ ತಿರುವಿನ ತನಕ ಕಾಣುತ್ತಿತ್ತು. ಯಾರು ಬಂದರು, ಎಷ್ಟು ಜನ ಬಂದರು, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಬೇಕೇ ಎಂಬುದೆಲ್ಲ ಪಾತ್ರೆ ತೊಳೆಯುತ್ತಲೇ ಗೊತ್ತಾಗುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಬೆನ್ನಿಗೆ ಒರಗು ಇರುವ ಒಂದು ಉದ್ದದ ಬೆಂಚು.

ಕೂತುಕೊಳ್ಳಲಿಕ್ಕೆ ಜಾಗ ಉಂಟು. ಇಬ್ಬರಿಗೆ ಬೇಕಾದರೆ ಇಬ್ಬರಿಗೂ ಉಂಟು.

ದೇವಸ್ಥಾನದ ಒಳಗೆ ಹೋದಾಗ ಮಾತು ತಗ್ಗುತ್ತದಲ್ಲ, ಹಾಗೆ ಗಂಗಮ್ಮನ ಮಾತು ತಗ್ಗಿತು. ಮನೆ ಇಷ್ಟು ದೊಡ್ಡದು, ಅಷ್ಟು ದೊಡ್ಡದು ಎಂದು ಬೆರಗಾದವರನ್ನು ಅವರು ಕಂಡಿದ್ದರು. ಒಂದು ಮನೆ ತನ್ನೊಳಗಿನವರ ಮೊಣಕಾಲನ್ನೂ ಸೊಂಟವನ್ನೂ ನೆನಪಿಟ್ಟುಕೊಂಡಿರುತ್ತದೆ ಎಂಬುದು ಅವರಿಗೆ ಹೊಸದು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಬೇಕು.

ಹೊರಗಿನಿಂದ ಮಾಸ್ಟ್ರು ಕರೆದರು. "ನಿಮ್ಮವರಿಗೆ ಇನ್ನೊಂದು ಲೋಟ ಬೆಲ್ಲ ನೀರು ಬೇಕಂತೆ. ಒಂದು ನಿಮಿಷ ಗಂಗಕ್ಕ, ಹಾಗೇ ಕರಿಬೇವು ಕೊಯ್ದುಕೊಂಡು ಬರ್ತೇನೆ," ಎಂದು ಪರಮೇಶ್ವರಿಯಮ್ಮ ಹೋದರು.

ಒಲೆಯ ಮೇಲೆ ಸೌತೆಕಾಯಿ ಹುಳಿ ಕುದಿಯುತ್ತಿತ್ತು. ಉಕ್ಕಿ ಬರುತ್ತಿದೆ ಎಂದು ಕಂಡಾಗ ಗಂಗಮ್ಮ ಎರಡು ಹೆಜ್ಜೆ ಮುಂದಿಟ್ಟು ಒಲೆ ಸಣ್ಣ ಮಾಡಿದರು. ಆಮೇಲೆ ನಡೆದದ್ದಕ್ಕೆ ಅವರನ್ನು ಪೂರ್ತಿ ಬೈಯುವಂತಿಲ್ಲ. ತಗ್ಗಿನ ಕಟ್ಟೆ ಅವರ ಹೊಟ್ಟೆಯ ಹತ್ತಿರಕ್ಕೆ ಬಂದು ನಿಂತಿತ್ತು. ಮೊಣಕೈ ತಾನಾಗಿ ಮಡಚಿತು, ಭುಜ ಕೆಳಗಿಳಿಯಿತು, ಬೆನ್ನು ನೆಟ್ಟಗಾಯಿತು. ಕಾಲು ಅಭ್ಯಾಸದಿಂದ ಮಣೆಯನ್ನು ಹುಡುಕಿತು. ಮಣೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಂಥ ಸುಖ! ಅವರು ಸೌಟು ತೆಗೆದು ಹುಳಿ ತಿರುವಿದರು. ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದರು. ಉಪ್ಪು ಸ್ವಲ್ಪ ಕಮ್ಮಿ. ಕೈ ಎಲ್ಲಿಗೆ ಹೋಯಿತೋ ಅಲ್ಲೇ ಉಪ್ಪಿನ ಭರಣಿ ಇತ್ತು. ಒಂದು ಚಿಟಿಕೆ ಹಾಕಿ, ತಿರುವಿ, ಮತ್ತೆ ಅಂಗೈಗೆ ಬಿಟ್ಟು ನೆಕ್ಕಿ, "ಈಗ ಸರಿ ಆಯ್ತು," ಎಂದು ಗಟ್ಟಿಯಾಗಿಯೇ ಹೇಳಿದರು.

ತಿರುಗಿದರೆ ಬಾಗಿಲಲ್ಲಿ ಕರಿಬೇವು ಹಿಡಿದು ಪರಮೇಶ್ವರಿಯಮ್ಮ.

ಗಂಗಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ನಾಲಿಗೆಯ ಮೇಲೆ ಆ ಮನೆಯ ಉಪ್ಪು. ಒಂದು ಸಲ ಅಲ್ಲ, ಎರಡು ಸಲ. ಗಂಡನ ಕಾಲು ಮೆಟ್ಟಿ ಕುಂಟು ಮಾಡಿದ ಹೆಂಗಸು ತಾನೇ ಹುಳಿ ರುಚಿ ನೋಡಿ, ಸಾಲದ್ದಕ್ಕೆ ಉಪ್ಪೂ ಹಾಕಿ ನಿಂತಿದ್ದಾಳೆ. ಹುಡುಗಿಯನ್ನು ಕೊಟ್ಟಾಯಿತು. ನೀನು ಹೂಂ ಅನ್ನದೆ ಒಂದು ಶಬ್ದ ಹೊರಗೆ ಬೀಳುದಿಲ್ಲ ಎಂದು ಹೇಳಿ ಬಂದ ಬಾಯಿ ಇದೇ. ಈಶ್ವರಪ್ರಸಾದರಿಗೆ ಗೊತ್ತಾದರೆ ಜಗಲಿಯಲ್ಲೇ ಮುಹೂರ್ತ ನೋಡಲು ಹೊರಡುತ್ತಾರೆ.

"ಪರಮೇಶ್ವರಿ ಅಕ್ಕ, ನಮ್ಮಲ್ಲಿ..."

"ಗೊತ್ತುಂಟು. ನಮ್ಮಲ್ಲಿಯೂ ಅದೇ ಕ್ರಮ." ಅವರು ಕರಿಬೇವನ್ನು ಕಟ್ಟೆಯ ಮೇಲೆ ಇಟ್ಟು ಗಂಗಮ್ಮನ ಕೈಯಿಂದ ಸೌಟು ತೆಗೆದುಕೊಂಡರು. "ನನ್ನನ್ನು ಕೊಡುವಾಗ ನನ್ನ ಸೋದರಮಾವ ಬಂದು ಇವರ ಹಳೆಮನೆಯಲ್ಲಿ ಹಪ್ಪಳ ತಿಂದರು. ಅಷ್ಟೇ, ಮದುವೆ ಆಯ್ತು. ನಾನು ಆ ಮನೆಯ ಅಡಿಗೆಕೋಣೆ ನೋಡಿದ್ದು ತಾಳಿ ಕಟ್ಟಿದ ಮೇಲೆ. ಕಿಟಕಿ ಇರಲಿಲ್ಲ. ಹಪ್ಪಳ ಮಾತ್ರ ಭಾರೀ ಒಳ್ಳೆದಿತ್ತಂತೆ."

ಅವರು ಕರಿಬೇವನ್ನು ಹುಳಿಗೆ ಹಾಕಿ ಮುಚ್ಚಳ ಮುಚ್ಚಿದರು.

"ನಾನು ಕರಿಬೇವು ಕೊಯ್ತಾ ಇದ್ದೆ ಗಂಗಕ್ಕ. ನನಗೆ ಎಂತದೂ ಕಾಣ್ಲಿಲ್ಲ. ನೀವು ನಿಮ್ಮ ಹುಡುಗಿಯನ್ನು ಕೇಳಿ."

ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಜಗಲಿಗೆ ಓಡಿ ಡಂಗುರ ಹೊಡೆಯುತ್ತಿದ್ದರು. ಮಗನಿಗೆ ಹೆಣ್ಣು ಸಿಗುವುದು ಸುಲಭವೇನಲ್ಲ, ಕೈಗೆ ಬಂದದ್ದನ್ನು ಹೀಗೆ ಬಿಟ್ಟುಕೊಡುತ್ತಾರೆಯೇ? ಹಗ್ಗ ಎಳೆದಾಗ ಇಳಿದ ಸರಳಿಗಿಂತ, ಮೆಟ್ಟಿಲಿಲ್ಲದ ಜಗಲಿಗಿಂತ ಇದು ಗಂಗಮ್ಮನಿಗೆ ದೊಡ್ಡ ಬೆರಗಾಯಿತು. ಅವರು ಬೆಂಚಿನ ಮೇಲೆ ಕೂತು ಗೌತಮಿಗೆ ಫೋನು ಮಾಡಿದರು. ಶನಿವಾರ ಅವಳಿಗೆ ಅರ್ಧ ದಿನ. ಬದಿಯಡ್ಕದ ಬಸ್ಸಿನಲ್ಲಿ ಕೂತಾಗಿತ್ತು.

"ಸೀತಾಂಗೋಳಿಯಲ್ಲಿ ಇಳಿ. ಚಿಕ್ಕಪ್ಪ ಬರ್ತಾರೆ."

ಗಂಗಮ್ಮ ಜಗಲಿಗೆ ಬಂದು ಹೇಳಿದಾಗ ಈಶ್ವರಪ್ರಸಾದರು ಕುರ್ಚಿಯಿಂದ ಹಾರಿಬಿದ್ದರು. "ಎಂತದು ಮಾರಾಯ್ತಿ? ಹುಡುಗಿ ಮನೆ ನೋಡ್ಲಿಕ್ಕೆ ಬರುವ ಕ್ರಮ ಎಲ್ಲಿ ಉಂಟು?"

"ಇವತ್ತಿನಿಂದ ಉಂಟು. ಕಾರು ತೆಗೀರಿ."

ಗೌತಮಿ ಕೆಲಸದ ನೀಲಿ ಚೂಡಿದಾರದಲ್ಲೇ ಬಂದಿಳಿದಳು. ಗಂಗಮ್ಮ ಅವಳನ್ನು ಅಂಗಳದ ಕರಿಬೇವಿನ ಗಿಡದ ಹತ್ತಿರಕ್ಕೆ ಕರೆದೊಯ್ದು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದರು. ಹುಡುಗಿಯ ಮುಖ ಬಿಗಿಯಿತು.

"ಅಂದರೆ ಆಯ್ತಲ್ಲ ಚಿಕ್ಕಮ್ಮ. ಇನ್ನು ನಾನು ನೋಡುದು ಎಂತ?"

"ಇಲ್ಲ ಮಗಾ. ನಿನಗೆ ಬೇಡ ಅಂದ್ರೆ ಬೇಡ. ಚಿಕ್ಕಪ್ಪನಿಗೆ ನಾನು ಹೇಳ್ತೇನೆ, ಊರಿಗೂ ನಾನೇ ಹೇಳ್ತೇನೆ. ಉಪ್ಪು ತಿಂದವಳು ನಾನು. ಅದರ ಪಾಪ ನನಗಿರ್ಲಿ, ನಿನಗೆ ಬೇಡ. ನೀನು ಒಳಗೆ ಹೋಗಿ ನೋಡು, ಆಮೇಲೆ ಹೇಳು."

ಮಣೆಯಿಂದ ಇಳಿಯದ, ಕ್ರಮದಿಂದ ಕದಲದ ಚಿಕ್ಕಮ್ಮ ಹೀಗೆ ಮಾತಾಡಿದ್ದನ್ನು ಗೌತಮಿ ಕೇಳಿದ್ದು ಇದೇ ಮೊದಲು. ಅವಳು ಚಪ್ಪಲಿ ಕಳಚಿ ಒಳಗೆ ಹೋದಳು.

ಮುರಳೀಕೃಷ್ಣ ಕಾರ್ಖಾನೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆದಿದ್ದ. ಉದ್ದದ ಹುಡುಗ, ಅವಳನ್ನು ಕಂಡು ಟವೆಲನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲಿಗೇ ಹಾಕಿಕೊಂಡ. ಗೌತಮಿ ಮನೆಯನ್ನು ಗಂಗಮ್ಮನ ಹಾಗೆ ಬೆರಗಿನಿಂದ ನೋಡಲಿಲ್ಲ, ರೋಗಿಯ ಬೆನ್ನು ನೋಡುವ ಹಾಗೆ ನೋಡಿದಳು. ಬಚ್ಚಲಿನ ಹಿಡಿಯನ್ನು ಜಗ್ಗಿದಳು. ಹೆರೆಮಣೆಯ ಬೆಂಚಿನಲ್ಲಿ ಕೂತು ಎದ್ದಳು. ಕೊನೆಗೆ ಅಡಿಗೆಮನೆಯ ಇನ್ನೊಂದು ಗೋಡೆಯ ಮುಂದೆ ನಿಂತಳು. ಅದು ಬರೇ ಗೋಡೆ. ಗಾರೆಯೂ ಆಗಿರಲಿಲ್ಲ. ಅಷ್ಟು ಹೊತ್ತು ಅಲ್ಲಿ ಕೂತೆದ್ದರೂ ಗಂಗಮ್ಮ ಅದನ್ನು ಗಮನಿಸಿರಲಿಲ್ಲ.

"ಇದು ಯಾಕೆ ಹೀಗೆ ಬಿಟ್ಟದ್ದು?"

"ಅದು..." ಮುರಳೀಕೃಷ್ಣ ಟವೆಲು ಸರಿಮಾಡಿಕೊಂಡ. "ಬರುವವರ ಅಳತೆ ಗೊತ್ತಿಲ್ಲದೆ ಹೇಗೆ ಕಟ್ಟುದು? ಕಟ್ಟೆಯೇ ಬೇಕು ಅಂತಲೂ ಇಲ್ಲ. ಅವರಿಗೆ ಅಡಿಗೆ ಇಷ್ಟ ಇಲ್ಲದಿದ್ರೆ ಪುಸ್ತಕದ ಕಪಾಟು ಮಾಡ್ಬಹುದು. ಬರುವವರು ಹೇಳಿದ ಮೇಲೆ ಮೇಸ್ತ್ರಿಯನ್ನು ಕರೆಯುವಾ ಅಂತ."

ಜಗಲಿಯಿಂದ ವಾಲಿಬಾಲಿನ ಸುದ್ದಿ ಕೇಳುತ್ತಿತ್ತು. ಗೌತಮಿ ಬೆಂಚಿನಲ್ಲಿ ಬೆನ್ನು ಒರಗಿಸಿ ಕೂತಳು. ಕಿಟಕಿಯಿಂದ ಮಾರ್ಗದ ತಿರುವನ್ನು ನೋಡಿದಳು. ಗಂಗಮ್ಮನಿಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ಬಾಯಿಗೆ ಬಂದ ಮಾತನ್ನು ನುಂಗಿದ್ದು ಅಪರೂಪ.

ಗೌತಮಿ ಎದ್ದು ಒಲೆಯ ಹತ್ತಿರ ಹೋದಳು. ಹುಳಿಯ ಮುಚ್ಚಳ ತೆಗೆದಳು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ನೆಕ್ಕಿದಳು.

"ಉಪ್ಪು ಸರಿ ಉಂಟು," ಎಂದಳು.

ಪರಮೇಶ್ವರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಗಮ್ಮ ಅಲ್ಲೇ ಅತ್ತುಬಿಟ್ಟರು. ಮುರಳೀಕೃಷ್ಣನಿಗೆ ಮಾತ್ರ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಅವನ ಕಿವಿ ಕೆಂಪಾಯಿತು.

"ಹಾಗಾದ್ರೆ ಮೇಸ್ತ್ರಿಯನ್ನು ಕರೀಲಾ?" ಎಂದ. "ನಿಮಗೆ ಎಷ್ಟೆತ್ತರ ಬೇಕು?"

"ನನ್ನದು ಆಮೇಲೆ. ನಿಮ್ಮ ಮೇಸ್ತ್ರಿ ಬದಿಯಡ್ಕಕ್ಕೆ ಬರ್ತಾರಾ?" ಗೌತಮಿ ತಿರುಗಿದಳು. "ಚಿಕ್ಕಮ್ಮ, ಇಲ್ಲಿ ಬನ್ನಿ. ಈ ಗೋಡೆಗೆ ತಾಗಿ ನಿಲ್ಲಿ. ನೆಟ್ಟಗೆ. ಕೈ ಮಡಚಿ."

"ನನ್ನದೆಂತಕ್ಕೆ ಈಗ? ನನಗೆ ಮಣೆ ಉಂಟಲ್ಲ."

"ನಿಲ್ಲಿ ಹೇಳಿದ್ದು."

ಗಂಗಮ್ಮ ನಿಂತರು. ಹೊಸದಾಗಿ ಶಾಲೆಗೆ ಸೇರಿದ ಮಗುವಿನ ಹಾಗೆ ಎರಡೂ ಕಾಲು ಜೋಡಿಸಿ ನಿಂತರು. ಗೌತಮಿ ಅವರ ಮೊಣಕೈ ಹಿಡಿದು ಭುಜವನ್ನು ಮೆಲ್ಲಗೆ ಕೆಳಗೆ ಒತ್ತಿದಳು, ಮುರಳೀಕೃಷ್ಣ ಪೆನ್ಸಿಲು ತಂದು ಮೊಣಕೈಗಿಂತ ಒಂದು ಚೂರು ಕೆಳಗೆ ಗೋಡೆಯ ಮೇಲೆ ಗೆರೆ ಎಳೆದ. ಹುಟ್ಟಿದಂದಿನಿಂದ ಇಂದಿನವರೆಗೆ ದರ್ಜಿಯವನೊಬ್ಬನನ್ನು ಬಿಟ್ಟು ಬೇರೆ ಯಾರೂ ಅವರ ಅಳತೆ ಕೇಳಿರಲಿಲ್ಲ. ಅವರು ಸರಿದು ನಿಂತು ಆ ಗೆರೆಯನ್ನು ನೋಡಿದರು. ಆಮೇಲೆ ಪರಮೇಶ್ವರಿಯಮ್ಮನ ಕಟ್ಟೆಯನ್ನು ನೋಡಿದರು. ಎರಡೂ ಒಂದೇ ಮಟ್ಟಕ್ಕಿದ್ದವು.

ಸದ್ದು ಕೇಳಿ ಈಶ್ವರಪ್ರಸಾದರು ಒಳಗೆ ಬಂದರು. ಹೆಂಡತಿ ಗೋಡೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಾ ನಿಂತದ್ದನ್ನು ಕಂಡು ಗಾಬರಿಯಾದರು. "ಎಂತಾಯ್ತು ಗಿಡ್ಡೀ?"

ಗಂಗಮ್ಮ ಗೆರೆಯ ಮೇಲೆ ಅಂಗೈ ಇಟ್ಟರು.

"ಇನ್ನು ಹಾಗೆ ಕರೀಬೇಡಿ. ನಾನು ಗಿಡ್ಡ ಅಲ್ಲ. ನಮ್ಮ ಕಟ್ಟೆ ಎತ್ತರ ಇದ್ದದ್ದು."